ಬೆಳಗಾವಿಯಲ್ಲಿ ವಜ್ರದ ಪೇಟೆ ಇತ್ತಂತೆ, ನಿಜಾನಾ?

ಖಡೇಬಜಾರ್ ಹುಡುಗ

ಎಲ್ಲರಿಗೂ ನಮಸ್ಕಾರ. ಮೊನ್ನೆ ರಾತ್ರಿ ನಿದ್ದೆ ಬಾರದೆ ಹಳೆಯ ಪ್ರವಾಸ ಕಥನ ಒಂದನ್ನು ತೆಗೆದೆ. ರಾಲ್ಫ್ ಫಿಚ್ ಅಂತ ಲಂಡನ್ನಿನ ವ್ಯಾಪಾರಿ. 1583ರಲ್ಲಿ ಜೊತೆಗಾರರೊಂದಿಗೆ ಹಡಗು ಹತ್ತಿದವನು. ಪರ್ಷಿಯಾ ಕೊಲ್ಲಿಯ ಬಾಯಲ್ಲಿರುವ ಹೋರ್ಮುಜ್‌ನಲ್ಲಿ ಪೋರ್ಚುಗೀಸರು ಹಿಡಿದು ಗೋವಾಕ್ಕೆ ಸಾಗಿಸಿದರು. ಅಲ್ಲಿ ಜೈಲು, ಆಮೇಲೆ ಜಾಮೀನು. 1584ರ ಏಪ್ರಿಲ್‌ನಲ್ಲಿ ಮೂವರು ಗೋವಾದಿಂದ ಓಟ ಕಿತ್ತರು. ನದಿ ದಾಟಿದ ಮೇಲೆ ಎರಡು ದಿನ ನಡಿಗೆ. ದಾರಿ ಗೊತ್ತಿಲ್ಲ, ಕೇಳೋಣ ಅಂದರೆ ಯಾರನ್ನೂ ನಂಬುವ ಧೈರ್ಯ ಇಲ್ಲ.

ಹೀಗೆ ನಡೆದು ಬಂದಾಗ ಮೊದಮೊದಲು ಸಿಕ್ಕ ಊರುಗಳಲ್ಲಿ ಒಂದರ ಹೆಸರನ್ನು ‘ಬೆಲ್ಲರ್ಗನ್’ ಅಂತ ಬರೆದಿದ್ದಾನೆ. ಅಲ್ಲಿ ವಜ್ರ, ಮಾಣಿಕ್ಯ, ನೀಲ, ಇನ್ನೂ ಬೇರೆ ಬೇರೆ ಹರಳುಗಳ ದೊಡ್ಡ ಪೇಟೆ ನಡೆಯುತ್ತದೆ ಅಂತಾನೆ. ಅಲ್ಲಿಂದ ಮುಂದೆ ಬಿಜಾಪುರ.

ನಾನು ಖಡೇಬಜಾರ್‌ನಲ್ಲೇ ಹುಟ್ಟಿ ಬೆಳೆದವನು. ಕುಂದಾ ಗೊತ್ತು, ಶಹಾಪುರ ಸೀರೆ ಗೊತ್ತು, ಫೌಂಡ್ರಿ ಗೊತ್ತು, ಮಿಲಿಟರಿ ಕ್ಯಾಂಪ್ ಗೊತ್ತು. ವಜ್ರದ ಬಗ್ಗೆ ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಯಾರೂ ಒಂದು ಮಾತು ಆಡಿದ್ದಿಲ್ಲ. ಯಾರಿಗಾದರೂ ಇದರ ಬಗ್ಗೆ ಗೊತ್ತಿದೆಯಾ?

ಚೌಕಾಶಿ ರಾಯ

ತಮ್ಮಾ, ಒಂದು ಸಾಲು ಓದಿ ಊರಿಗೆ ಕಿರೀಟ ಇಡಬೇಡ. ಮೊದಲು ಬೆಲ್ಲರ್ಗನ್ ಅಂದರೆ ಬೆಳಗಾವಿನೇ ಅಂತ ಏನು ಗ್ಯಾರಂಟಿ? ಆ ವಿದೇಶಿಗಳು ಊರ ಹೆಸರನ್ನು ಹೇಗೆ ಬೇಕಾದರೂ ಬರೆಯುತ್ತಿದ್ದರು. ಎರಡನೆಯದು, ಓಡಿ ಬಂದ ಮನುಷ್ಯ ಭಯದಲ್ಲಿ ಏನು ನೋಡಿದನೋ ಏನೋ. ನಾಲ್ಕು ಅಂಗಡಿ ಕಂಡಿರಬಹುದು, ದೊಡ್ಡ ಪೇಟೆ ಅಂತ ಬರೆದ. ಈಗಿನ ಯೂಟ್ಯೂಬ್‌ನವರು ಮಾಡುವುದೂ ಅದನ್ನೇ ಅಲ್ವಾ.

ಗುಮ್ಮಟನಗರಿ

ನಾನು ವಿಜಯಪುರದಲ್ಲಿ ಇತಿಹಾಸ ಪಾಠ ಮಾಡುವವಳು. ರಾಯರ ಮೊದಲನೆಯ ಪ್ರಶ್ನೆ ಸರಿಯಾಗಿದೆ, ಕೇಳಲೇಬೇಕಾದ್ದು. ಆದರೆ ದಾರಿ ನೋಡಿ. ಗೋವಾ ಬಿಟ್ಟು ಘಟ್ಟ ಹತ್ತಿ ಬಿಜಾಪುರದ ಕಡೆ ಹೊರಟವನಿಗೆ ಸಿಗುವ ದೊಡ್ಡ ಊರು ಯಾವುದು? ಫಿಚ್‌ನ ಬರಹಕ್ಕೆ ಟಿಪ್ಪಣಿ ಬರೆದವರೂ ಅದನ್ನು ಬೆಳಗಾವಿ ಅಂತಲೇ ಗುರುತಿಸಿದ್ದಾರೆ.

ಎರಡನೆಯ ಪ್ರಶ್ನೆಗೆ ನನ್ನ ಹತ್ತಿರ ಒಂದು ಒಳ್ಳೆಯ ಉತ್ತರ ಇದೆ. ಓಡಿ ಬಂದ ಮೂವರು ಯಾರು? ಫಿಚ್, ಜಾನ್ ನ್ಯೂಬೆರಿ, ಮತ್ತು ವಿಲಿಯಂ ಲೀಡ್ಸ್. ಈ ಲೀಡ್ಸ್ ಕಸುಬಿನಿಂದ ಒಡವೆಗಾರ! ಮುಂದೆ ಅಕ್ಬರನ ಆಸ್ಥಾನದಲ್ಲೇ ಕೆಲಸಕ್ಕೆ ನಿಂತವನು. ಹರಳು ನೋಡಲು ಬರುವ ಕಣ್ಣು ಅವರ ಜೊತೆಯಲ್ಲೇ ಇತ್ತು. ನಾಲ್ಕು ಗಾಜಿನ ಮಣಿ ಅಂಗಡಿ ನೋಡಿ ವಜ್ರದ ಪೇಟೆ ಅಂತ ಮೋಸಹೋಗುವ ಗುಂಪಲ್ಲ ಅದು.

ಆಗ ಬೆಳಗಾವಿ ಆದಿಲ್‌ಶಾಹಿಗಳ ಕೈಯಲ್ಲಿತ್ತು. ಅದಕ್ಕೂ ಮೊದಲು ಅವರದೇ ಸರದಾರ ಅಸದ್ ಖಾನ್ ಲಾರಿ ಎಂಬವನು ಕೋಟೆ ಹಿಡಿದು ಕೂತಿದ್ದ. 1549ರಲ್ಲಿ ಸತ್ತ. ಕೋಟೆಯೊಳಗಿನ ಸಫಾ ಮಸೀದಿ ಅವನದೇ. ಗೋವಾದ ಪೋರ್ಚುಗೀಸರಿಗೂ ಬಿಜಾಪುರಕ್ಕೂ ನಡುವಿನ ಬಾಗಿಲು ನಿಮ್ಮ ಊರು. ಬಾಗಿಲಲ್ಲಿ ಪೇಟೆ ಹುಟ್ಟುವುದು ಸಹಜ.

ಖಡೇಬಜಾರ್ ಹುಡುಗ

ಟೀಚರ್, ಒಡವೆಗಾರನ ವಿಷಯ ಓದಿ ಮೈ ಜುಮ್ ಅಂತು. ಅದನ್ನು ನಾನು ಗಮನಿಸಿಯೇ ಇರಲಿಲ್ಲ. ಆದರೆ ವಜ್ರ ಬರುತ್ತಿದ್ದುದು ಎಲ್ಲಿಂದ? ನಮ್ಮ ಕಡೆ ಕರಿ ಕಲ್ಲು, ಕೆಂಪು ಮಣ್ಣು ಬಿಟ್ಟರೆ ಏನಿದೆ?

ಗುಮ್ಮಟನಗರಿ

ಇಲ್ಲಿ ನಮ್ಮ ಊರಿನ ಸರದಿ. ಎಲ್ಲರೂ ‘ಗೋಲ್ಕೊಂಡ ವಜ್ರ’ ಅಂತಾರೆ. ಗೋಲ್ಕೊಂಡದಲ್ಲಿ ಗಣಿಯೇ ಇರಲಿಲ್ಲ, ಅದು ಪೇಟೆ. ಗಣಿಗಳು ಇದ್ದದ್ದು ಕೃಷ್ಣಾ, ಪೆನ್ನಾರ್ ಸುತ್ತಲಿನ ಸೀಮೆಯಲ್ಲಿ. ಅದರಲ್ಲಿ ಒಂದು ದೊಡ್ಡ ಗಣಿ ಬಿಜಾಪುರ ಸುಲ್ತಾನರ ರಾಜ್ಯದಲ್ಲೇ ಇತ್ತು.

ಝಾನ್ ಬಾಪ್ಟಿಸ್ಟ್ ತಾವೆರ್ನಿಯೆ ಎಂಬ ಫ್ರೆಂಚ್ ಹರಳು ವ್ಯಾಪಾರಿ 17ನೇ ಶತಮಾನದ ನಡುವಿನಲ್ಲಿ ಅಲ್ಲಿಗೆ ಹೋಗಿದ್ದ. ‘ರಾವೊಲ್ಕೊಂಡ’ ಅಂತ ಬರೆದಿದ್ದಾನೆ. ಗೋಲ್ಕೊಂಡದಿಂದ 5 ದಿನ, ಬಿಜಾಪುರದಿಂದ 8-9 ದಿನದ ದಾರಿ. ಇದು ಕರ್ನೂಲ್ ಹತ್ತಿರದ ರಾಮಳ್ಳಕೋಟ ಅಂತ ವ್ಯಾಲೆಂಟೈನ್ ಬಾಲ್ ಎಂಬ ಭೂವಿಜ್ಞಾನಿ ಗುರುತಿಸಿದರು. ಫಿಚ್ ಕೂಡ ಗೋಲ್ಕೊಂಡದ ಬಗ್ಗೆ ಬರೆಯುವಾಗ, ಹಳೆಯ ನೀರಿನ ವಜ್ರ (ನೀರು ಅಂದರೆ ಹರಳಿನ ಹೊಳಪು, ಸ್ವಚ್ಛತೆ) ‘ಹಿದಾಲ್ಕಾನ್’ ರಾಜ್ಯದಲ್ಲೂ ಸಿಗುತ್ತದೆ ಅಂತಾನೆ. ಹಿದಾಲ್ಕಾನ್ ಅಂದರೆ ಆದಿಲ್ ಖಾನ್. ಪೋರ್ಚುಗೀಸರ ನಾಲಿಗೆಯಲ್ಲಿ ಹಾಗಾಗಿತ್ತು.

ಇನ್ನೊಂದು. 1565ರ ರಕ್ಕಸಗಿ-ತಂಗಡಗಿ ಯುದ್ಧ ಆದಮೇಲೆ ವಿಜಯನಗರದ ಲೂಟಿಯಲ್ಲಿ ಆದಿಲ್‌ಶಾಹನಿಗೆ ಮೊಟ್ಟೆ ಗಾತ್ರದ ವಜ್ರ ಸಿಕ್ಕಿತು ಅಂತ ಪೋರ್ಚುಗೀಸ್ ಬರಹಗಾರ ದಿಯೋಗೊ ದೊ ಕೌಟೊ ಬರೆದಿದ್ದಾನೆ. ಯುದ್ಧ ನಡೆದದ್ದು ನಮ್ಮ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಗಡಿಯ ಹೊಳೆದಂಡೆಯಲ್ಲಿ.

ಘಟಪ್ರಭಾ ದಂಡೆ

ಕೃಷ್ಣಾ ದಂಡೆಯಲ್ಲಿ ವಜ್ರ ಅಂದಿರಿ. ಅದೇ ಕೃಷ್ಣೆ ನಮ್ಮ ಚಿಕ್ಕೋಡಿ, ಜಮಖಂಡಿ, ಆಲಮಟ್ಟಿ ಎಲ್ಲಾ ದಾಟಿ ಹೋಗುತ್ತಾಳೆ. ಹಂಗಾರೆ ನಮ್ಮ ಕಬ್ಬಿನ ಗದ್ದೆಯಲ್ಲೂ ಒಂದು ಕೈ ನೋಡಬಹುದಾ? ಸಕ್ಕರೆ ಕಾರ್ಖಾನೆ ಬಿಲ್ಲಿಗೆ ಕಾಯುವುದಕ್ಕಿಂತ ಇದು ಬೇಗ ಆಗಬಹುದು.

ಗುಮ್ಮಟನಗರಿ

ಹ್ಹ ಹ್ಹ, ಅಣ್ಣಾ, ಕಬ್ಬೇ ಗಟ್ಟಿ. ನಮ್ಮ ಭಾಗದಲ್ಲಿ ಮೇಲೆ ಇರುವುದು ಡೆಕ್ಕನ್ ಟ್ರ್ಯಾಪ್ ಎಂಬ ಲಾವಾ ಕಲ್ಲು, ಬಾಗಲಕೋಟೆ ಕಡೆ ಕಲಾದಗಿ ಶ್ರೇಣಿಯ ಮರಳುಗಲ್ಲು, ಸುಣ್ಣದಕಲ್ಲು. ವಜ್ರವನ್ನು ಆಳದಿಂದ ಮೇಲೆ ತರುವುದು ಕಿಂಬರ್ಲೈಟ್ ಎಂಬ ಕಲ್ಲು. ಅದು ಗುಂತಕಲ್ ಹತ್ತಿರದ ವಜ್ರಕರೂರಿನಲ್ಲಿದೆ. ಕರ್ನೂಲ್ ಕಡೆಯ ಹಳೆಯ ಗಣಿಗಳು ಬನಗಾನಪಲ್ಲೆ ಉಂಡೆಗಲ್ಲಿನ ಪದರದವು. ಕೊಳ್ಳೂರಿನಂಥ ಗಣಿಗಳು ಕೃಷ್ಣೆ ಆಂಧ್ರದಲ್ಲಿ ಹರಿಯುವ ಜಾಗದಲ್ಲಿದ್ದವು.

ಈಗಲೂ ಮುಂಗಾರಿನ ಮೊದಲ ಮಳೆ ಬಿದ್ದರೆ ತುಗ್ಗಲಿ, ಜೊನ್ನಗಿರಿ ಹೊಲಗಳಲ್ಲಿ ಜನ ಬುತ್ತಿ ಕಟ್ಟಿಕೊಂಡು ಬಂದು ತಲೆ ಬಗ್ಗಿಸಿ ಹುಡುಕುತ್ತಾರೆ. ಬಳ್ಳಾರಿ ಕಡೆಯಿಂದಲೂ ಹೋಗುವವರಿದ್ದಾರೆ. ಮಳೆ ಮೇಲ್ಮಣ್ಣು ತೊಳೆದಾಗ ಹರಳು ಮಿಂಚುತ್ತದೆ. ಸಿಗುವುದು ಯಾರೋ ಒಬ್ಬರಿಗೆ. ಸುದ್ದಿ ಸಾವಿರ ಜನಕ್ಕೆ.

ಶಹಾಪುರದ ಪತ್ತಾರ

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಇವತ್ತು ಅಂಗಡಿ ಅಮಾವಾಸ್ಯೆ ರಜೆ, ಬರೆಯುತ್ತೇನೆ. ನಮ್ಮದು ಮೂರು ತಲೆಮಾರಿನ ಬಂಗಾರದ ಕೆಲಸ. ನನ್ನ ಕೈಯಲ್ಲಿ ನತ್ತು, ಬೋರಮಾಳ, ಟಿಕ್ಕಿ ಎಲ್ಲಾ ಆಗಿವೆ. ವಜ್ರ ಕೂರಿಸಿದ್ದು ಬಹಳ ಕಮ್ಮಿ. ನಮ್ಮ ಅಪ್ಪನ ಕಾಲದಲ್ಲೂ ಬೆಳಗಾವಿಯಲ್ಲಿ ವಜ್ರ ಕೊಡಬೇಕೆಂದರೆ ಮುಂಬೈಯಿಂದ ತರಿಸುತ್ತಿದ್ದರು. ಹಾಗಾಗಿ ನನಗೂ ಈ ಪೇಟೆಯ ಸುದ್ದಿ ಹೊಸದು.

ಆದರೆ ಒಂದು ಮಾತು. ನಮ್ಮ ಅಪ್ಪನ ಹಳೆಯ ತಕ್ಕಡಿ ಪೆಟ್ಟಿಗೆಯಲ್ಲಿ ಗುಲಗಂಜಿ ಜೊತೆಗೆ ಅದಕ್ಕಿಂತ ದೊಡ್ಡ ಕೆಂಪು ಬೀಜ ಇದ್ದವು. ಮಂಜಾಡಿ ಅಂತಿದ್ದರು. ತೂಕಕ್ಕೆ ಬಳಸುತ್ತಿದ್ದರಂತೆ, ನಾನು ಚಿಕ್ಕವನಿದ್ದಾಗ ಅದರಲ್ಲಿ ಆಟ ಆಡಿ ಬೈಸಿಕೊಂಡಿದ್ದೇನೆ. ಇದಕ್ಕೂ ವಜ್ರಕ್ಕೂ ಏನಾದರೂ ಸಂಬಂಧ ಇದೆಯಾ ತಂಗಿ?

ಗುಮ್ಮಟನಗರಿ

ಕಾಕಾ, ನೇರ ಸಂಬಂಧ! ಪೋರ್ಚುಗೀಸರು, ತಾವೆರ್ನಿಯೆ ಎಲ್ಲರೂ ‘ಮ್ಯಾಂಗೆಲಿನ್’ ಅಂತ ಬರೆಯುವ ವಜ್ರದ ತೂಕ ಇದೆ. ಆ ಮಾತು ಬಂದದ್ದೇ ಮಂಜಾಡಿಯಿಂದ. ತೆಲುಗಿನಲ್ಲೂ ತಮಿಳಿನಲ್ಲೂ ಹತ್ತಿರದ ಹೆಸರೇ. ಅತ್ತ ಕ್ಯಾರೆಟ್ ಅನ್ನುವುದೂ ಕ್ಯಾರಬ್ ಎಂಬ ಮರದ ಬೀಜದಿಂದ ಬಂದ ಮಾತು. ಜಗತ್ತಿನ ಎರಡೂ ಕಡೆ ಅಕ್ಕಸಾಲಿಗರು ಬೀಜವನ್ನೇ ನಂಬಿದ್ದರು. ಕ್ಯಾರೆಟ್ ಅಂದರೆ 0.2 ಗ್ರಾಂ ಅಂತ ಗಟ್ಟಿಯಾದದ್ದು 1907ರ ಮೇಲೆ.

ತಮಾಷೆ ಏನೆಂದರೆ, ತಾವೆರ್ನಿಯೆ ಪ್ರಕಾರ ರಾಮಳ್ಳಕೋಟದ ಗಣಿಯಲ್ಲಿ ಒಂದು ಮ್ಯಾಂಗೆಲಿನ್ ಅಂದರೆ 1¾ ಕ್ಯಾರೆಟ್. ಗೋಲ್ಕೊಂಡ, ಬಿಜಾಪುರದ ಪೇಟೆಗೆ ಬಂದರೆ 1⅜. ಗೋವಾಕ್ಕೆ ಹೋದರೆ ಇನ್ನೂ ಕಮ್ಮಿ, 5 ಗ್ರೇನ್, ಅಂದರೆ ಒಂದೂಕಾಲು ಕ್ಯಾರೆಟ್.

ಶಹಾಪುರದ ಪತ್ತಾರ

ಅಂದರೆ ಅದೇ ಹರಳು ಗಣಿಯಲ್ಲಿ 5 ಮಂಜಾಡಿ ತೂಗಿದರೆ ಗೋವಾದಲ್ಲಿ 7 ತೂಗುತ್ತದೆ! ನಡುವೆ ದಾರಿಯಲ್ಲಿ ಕೂತ ಬೆಳಗಾವಿ ಸರಾಫನಿಗೆ ಎರಡೂ ಲೆಕ್ಕ ಬಾಯಿಪಾಠ ಇರಲೇಬೇಕು. ಆ ಲೆಕ್ಕದಲ್ಲೇ ಅವನ ಅನ್ನ. ಈಗ ನನಗೆ ನಂಬಿಕೆ ಬಂತು, ಇಲ್ಲಿ ಪೇಟೆ ಇತ್ತು.

ಚೌಕಾಶಿ ರಾಯ

ಪತ್ತಾರರೇ, ನಿಮ್ಮ ನಂಬಿಕೆ ನಿಮ್ಮದು. ಆದರೂ ಒಪ್ಪುತ್ತೇನೆ, ತೂಕದ ಲೆಕ್ಕ ಚಂದ ಇದೆ.

ಒಂದು ಅನುಮಾನ ಉಳಿದಿದೆ. ಇಷ್ಟು ಬೆಲೆಯ ಮಾಲನ್ನು ಸಂತೆಯಲ್ಲಿ ಬದನೆಕಾಯಿ ಮಾರಿದ ಹಾಗೆ ಮಾರುತ್ತಿದ್ದರಾ? ಕಳ್ಳರು ಬಿಡುತ್ತಿದ್ದರಾ?

ಗುಮ್ಮಟನಗರಿ

ಬೆಳಗಾವಿಯಲ್ಲಿ ಹೇಗೆ ಮಾರುತ್ತಿದ್ದರು ಅಂತ ಫಿಚ್ ಬರೆದಿಲ್ಲ. ಗಣಿಯೂರಿನದನ್ನು ತಾವೆರ್ನಿಯೆ ತುಂಬಾ ಚೆನ್ನಾಗಿ ಬರೆದಿದ್ದಾನೆ.

ಬೆಳಗ್ಗೆ ಊರ ಬಯಲಿನ ದೊಡ್ಡ ಮರದ ಕೆಳಗೆ ವ್ಯಾಪಾರಿಗಳ ಮಕ್ಕಳು ಬಂದು ಕೂರುತ್ತಾರೆ. 10ರಿಂದ 15-16 ವರ್ಷದ ಹುಡುಗರು. ಒಬ್ಬೊಬ್ಬನ ಸೊಂಟದಲ್ಲೂ ಒಂದು ಕಡೆ ತೂಕದ ಚೀಲ, ಇನ್ನೊಂದು ಕಡೆ ಹೊನ್ನಿನ ಚೀಲ. ಯಾರಾದರೂ ಹರಳು ಮಾರಲು ಬಂದರೆ ಮೊದಲು ಎಲ್ಲರಿಗಿಂತ ದೊಡ್ಡ ಹುಡುಗನ ಕೈಗೆ. ಅವನು ನೋಡಿ ಪಕ್ಕದವನಿಗೆ ಕೊಡುತ್ತಾನೆ, ಹೀಗೆ ಕೈಯಿಂದ ಕೈಗೆ ಎಲ್ಲರೂ ನೋಡಿದ ಮೇಲೆ ಅವನ ಹತ್ತಿರ ವಾಪಸ್. ಮಾತು ಯಾರೂ ಆಡುವುದಿಲ್ಲ. ಆಮೇಲೆ ಅವನು ಬೆಲೆ ಕೇಳುತ್ತಾನೆ. ಜಾಸ್ತಿ ಕೊಟ್ಟು ತಂದರೆ ಅವನ ತಲೆ ಮೇಲೆ. ಸಂಜೆ ಎಲ್ಲವನ್ನೂ ಸೇರಿಸಿ, ಜಾತಿವಾರು ಬೇರ್ಪಡಿಸಿ ದೊಡ್ಡ ವ್ಯಾಪಾರಿಗಳಿಗೆ ಮಾರುತ್ತಾರೆ. ಲಾಭ ಹಂಚಿಕೊಳ್ಳುತ್ತಾರೆ, ದೊಡ್ಡ ಹುಡುಗನಿಗೆ ಶೇಕಡಾ ಕಾಲು ಜಾಸ್ತಿ. ಸುಲ್ತಾನನಿಗೆ ಪ್ರತಿ ಖರೀದಿಯ ಮೇಲೆ 2%.

ನನ್ನ ಒಂಬತ್ತನೇ ತರಗತಿ ಹುಡುಗರಿಗೆ ಇದನ್ನು ಹೇಳಿದೆ. ಒಬ್ಬ ಎದ್ದು ನಿಂತು, ‘ಮಿಸ್, ಅವರಿಗೆ ಶಾಲೆ ಇರಲಿಲ್ವಾ’ ಅಂದ.

ಮಕ್ಕಳ ಆಟ ಚಂದ ಕಾಣುತ್ತದೆ. ಗಣಿಯಲ್ಲಿ ಅಗೆಯುವವನ ಪಾಡು ಬೇರೆ. ಅವನಿಗೆ ವರ್ಷಕ್ಕೆ 3 ಪಗೋಡ, ಅಂದರೆ ಮೂರು ಹೊನ್ನಿನ ನಾಣ್ಯ. ಪೂರ್ತಿ ವರ್ಷಕ್ಕೆ! ಅದಕ್ಕೇ ಹರಳು ನುಂಗುತ್ತಿದ್ದರು ಅಂತ ಅದೇ ತಾವೆರ್ನಿಯೆ ಬರೆಯುತ್ತಾನೆ. ಕಾವಲಿಗೆ ಬೇರೆ ಜನ.

ದೊಡ್ಡವರ ವ್ಯಾಪಾರ ಇನ್ನೂ ಸೊಗಸು. ಕೊಳ್ಳುವವ, ಮಾರುವವ ಎದುರುಬದುರು ಕೂರುತ್ತಾರೆ. ಇಬ್ಬರಲ್ಲಿ ಒಬ್ಬ ನಡುವಿನ ಬಟ್ಟೆ ಬಿಚ್ಚುತ್ತಾನೆ, ಅದರ ಮರೆಯಲ್ಲಿ ಮಾರುವವ ಕೊಳ್ಳುವವನ ಕೈ ಹಿಡಿಯುತ್ತಾನೆ. ಇಡೀ ಕೈ ಒತ್ತಿದರೆ 1000. ಒಂದು ಬೆರಳು 100. ಅರ್ಧ ಬೆರಳು 50. ಬೆರಳ ತುದಿ 10. ಸುತ್ತ ಜನ ತುಂಬಿದ್ದರೂ ಬೆಲೆ ಯಾರಿಗೂ ಗೊತ್ತಾಗುವುದಿಲ್ಲ.

ಘಟಪ್ರಭಾ ದಂಡೆ

ಯಪ್ಪಾ! ಟೀಚರ್, ಇದು ನಮ್ಮ ದನದ ಸಂತೆ!

ನಾನು ಪ್ರತಿ ವರ್ಷ ಜಾತ್ರೆಗೆ ಎತ್ತು ಹಿಡಿದುಕೊಂಡು ಹೋಗುತ್ತೇನೆ. ದಲಾಲಿ ಬರುತ್ತಾನೆ, ಹೆಗಲ ಮೇಲಿನ ಟವೆಲ್ ಕೈ ಮೇಲೆ ಹಾಕುತ್ತಾನೆ, ಕೆಳಗೆ ಬೆರಳು ಹಿಡಿಯುತ್ತಾನೆ. ಬಾಯಲ್ಲಿ ಮಳೆ ಬೆಳೆ ಮಾತು, ಬೆರಳಲ್ಲಿ ಸಾವಿರದ ಮಾತು. ಒಂದು ಸಲ ಒಬ್ಬ ಹೊಸಬ ನನ್ನ ಎರಡು ಬೆರಳು ಬಿಟ್ಟು ಮೂರು ಹಿಡಿದ. ನಾನು ತಕ್ಷಣ ‘ಆತು’ ಅಂದೆ. ಆಮೇಲೆ ತಪ್ಪಾಯ್ತು ಅಂತ ಗೋಗರೆದ. ಚಹಾ ಕುಡಿಸಿ ಬಿಟ್ಟುಕೊಟ್ಟೆ. ವಜ್ರದ ವ್ಯಾಪಾರಿ ಆಗಿದ್ದರೆ ಬಿಡುತ್ತಿರಲಿಲ್ಲ ನೋಡಿ.

ಈಗ ಫೋನ್‌ಪೇ ಬಂದಿದೆ. ಬೆರಳಲ್ಲಿ ಬೆಲೆ ಮಾಡಿ, ದುಡ್ಡು ಕಳಿಸುವಾಗ ಫೋನು ಎಲ್ಲರಿಗೂ ಕೇಳುವ ಹಾಗೆ ಕೂಗುತ್ತದೆ. ಗುಟ್ಟು ಎಲ್ಲಿ ಉಳಿಯಿತು.

ವರಾಛಾ ರೋಡ್

ನಮಸ್ಕಾರ. ನಾನು ಬಾಗಲಕೋಟೆಯವನು. ಹನ್ನೊಂದು ವರ್ಷದಿಂದ ಸೂರತ್‌ನಲ್ಲಿ ವಜ್ರದ ಕಾರ್ಖಾನೆಯೊಂದರ ಲೆಕ್ಕ ನೋಡುತ್ತಿದ್ದೇನೆ. ಕನ್ನಡದಲ್ಲಿ ವಜ್ರದ ಚರ್ಚೆ ಕಂಡು ಖುಷಿಯಾಯಿತು.

ಮರದ ಕೆಳಗಿನ ಪೇಟೆ ಅಂದಿರಲ್ಲ, ಅದನ್ನು ನೀವು ಇವತ್ತೂ ನೋಡಬಹುದು. ಇಲ್ಲಿ ಮಹೀಧರಪುರಾ ಅಂತ ಹಳೆಯ ಪೇಟೆ. ಇಕ್ಕಟ್ಟಾದ ಗಲ್ಲಿ. ಜನ ಬೈಕಿನ ಸೀಟಿನ ಮೇಲೆ ಬಿಳಿ ಕಾಗದ ಬಿಚ್ಚಿ ಹರಳು ಹರಡಿಕೊಂಡು ಚಿಮಟದಲ್ಲಿ ಎತ್ತಿ ಎತ್ತಿ ನೋಡುತ್ತಿರುತ್ತಾರೆ. ಕಾಗದ ಮಡಚುವುದು ನಮ್ಮ ಭಸ್ಮದ ಪುಡಿಕೆ ಮಡಚಿದ ಹಾಗೇ. ಗುಜರಾತಿಯಲ್ಲೂ ಪಡೀಕು ಅಂತಲೇ ಅನ್ನುತ್ತಾರೆ! ಲಕ್ಷಗಟ್ಟಲೆ ಬೆಲೆಯ ಪುಡಿಕೆಯನ್ನು ಅಂಗಿ ಜೇಬಿನಲ್ಲಿ ಇಟ್ಟುಕೊಂಡು ಪಾನ್ ತಿನ್ನುತ್ತಾ ಹೋಗುತ್ತಾರೆ. ಬೇರೆ ಊರಿಗೆ ಕಳಿಸಬೇಕಾದರೆ ಅಂಗಡಿಯಾ ಅಂತ ಸಾಗಿಸುವವರಿದ್ದಾರೆ. ಹಳೆಯ ಮನೆತನಗಳ ಕಸುಬು. ಎಲ್ಲಾ ಬಾಯಿ ಮಾತು, ಒಂದು ಚೀಟಿ.

ಸೂರತ್‌ನಲ್ಲಿ ವಜ್ರದ ಗಣಿ ಇಲ್ಲ. ಒರಟು ಹರಳು ಬರುವುದು ಆಫ್ರಿಕಾ, ರಷ್ಯಾ, ಕೆನಡಾ ಕಡೆಯಿಂದ. ಆದರೂ ಜಗತ್ತಿನಲ್ಲಿ ಹೊಳಪು ಪಡೆಯುವ ಹತ್ತು ವಜ್ರಗಳಲ್ಲಿ ಸುಮಾರು ಒಂಬತ್ತು ಇಲ್ಲೇ ಸಾಣೆ ಹಿಡಿಸಿಕೊಳ್ಳುತ್ತವೆ. ಬೆಲೆಯ ಲೆಕ್ಕ ಅಲ್ಲ, ಎಣಿಕೆಯ ಲೆಕ್ಕ ಇದು. ಬೆಲ್ಜಿಯಂನ ಆಂಟ್‌ವರ್ಪ್, ಇಸ್ರೇಲ್‌ನವರು ದೊಡ್ಡ ಹರಳು ಇಟ್ಟುಕೊಂಡು, ಸಾಸಿವೆಯಂಥ ಸಣ್ಣದನ್ನು ಕೂಲಿಗೆ ಗಿಟ್ಟುವುದಿಲ್ಲ ಅಂತ ಬಿಡುತ್ತಿದ್ದರು. 1960ರ ದಶಕದ ನಂತರ ಪಾಲನ್‌ಪುರದ ಜೈನ ವ್ಯಾಪಾರಿಗಳು, ಸೌರಾಷ್ಟ್ರದ ಪಟೇಲರು ಆ ಸಣ್ಣದನ್ನೇ ಹಿಡಿದರು. ಸೌರಾಷ್ಟ್ರದಲ್ಲಿ ಮಳೆ ಕೈಕೊಟ್ಟ ರೈತರ ಮಕ್ಕಳು ಸಾಲುಸಾಲಾಗಿ ಬಂದು ಘಂಟಿ ಮುಂದೆ ಕೂತರು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಆರ್ಗೈಲ್ ಗಣಿಯಿಂದ ಸಣ್ಣ, ಕಂದು ಬಣ್ಣದ ಹರಳು ರಾಶಿ ರಾಶಿ ಬಂದಾಗ ಅದನ್ನು ಸಾಣೆ ಹಿಡಿಯಲು ಇಷ್ಟು ಕೈ ಬೇರೆಲ್ಲೂ ಇರಲಿಲ್ಲ. ಆ ಗಣಿ 2020ರಲ್ಲಿ ಮುಚ್ಚಿತು. ಸೂರತ್ ಉಳಿಯಿತು.

ನಮ್ಮ ಕಡೆಯವರು ಬರಗಾಲ ಬಿದ್ದರೆ ಗೋವಾಕ್ಕೆ, ಮಂಗಳೂರಿಗೆ ಗುಳೆ ಹೋಗುತ್ತಾರಲ್ಲ, ಅದೇ ಕಥೆ. ಅವರಿಗೆ ಗಾರೆ ಕೆಲಸದ ಬದಲು ವಜ್ರ ಸಿಕ್ಕಿತು.

ಕುಂದಾ ಕರದಂಟು

ಘಂಟಿ ಅಂದರೆ ಏನು? ವಜ್ರವನ್ನು ಯಾವುದರಲ್ಲಿ ಉಜ್ಜುತ್ತಾರೆ, ಅದೇ ಎಲ್ಲಕ್ಕಿಂತ ಗಟ್ಟಿ ಅಲ್ವಾ?

ವರಾಛಾ ರೋಡ್

ಒಳ್ಳೆ ಪ್ರಶ್ನೆ ಅಕ್ಕಾ. ವಜ್ರವನ್ನು ವಜ್ರದ ಪುಡಿಯಲ್ಲೇ ಉಜ್ಜುತ್ತಾರೆ. ಘಂಟಿ ಅಂದರೆ ಅಡ್ಡ ಮಲಗಿಸಿದ ಲೋಹದ ಚಕ್ರ, ಜೋರಾಗಿ ತಿರುಗುತ್ತದೆ. ಅದಕ್ಕೆ ಎಣ್ಣೆಯಲ್ಲಿ ಕಲಸಿದ ವಜ್ರದ ಪುಡಿ ಸವರುತ್ತಾರೆ. ಒಂದು ಘಂಟಿಯ ಸುತ್ತ ನಾಲ್ಕೈದು ಜನ ಕೂರುತ್ತಾರೆ. ವಜ್ರ ಎಲ್ಲಾ ದಿಕ್ಕಿನಲ್ಲೂ ಒಂದೇ ಸಮ ಗಟ್ಟಿ ಇರುವುದಿಲ್ಲ. ಯಾವ ದಿಕ್ಕಿಗೆ ಹಿಡಿದರೆ ಸವೆಯುತ್ತದೆ ಅನ್ನುವುದು ಕಲಿತ ಕೈಗೆ ಶಬ್ದದಲ್ಲೇ ಗೊತ್ತಾಗುತ್ತದೆ. ದುಂಡು ಹರಳಿಗೆ 57 ಮುಖ, ಕೆಳತುದಿ ಸೇರಿಸಿದರೆ 58. ಈಗ ಒರಟು ಹರಳನ್ನು ಮೊದಲು ಕಂಪ್ಯೂಟರ್ ಸ್ಕ್ಯಾನ್ ಮಾಡಿ ಎಲ್ಲಿ ಕತ್ತರಿಸಬೇಕು ಹೇಳುತ್ತದೆ, ಲೇಸರ್ ಕತ್ತರಿಸುತ್ತದೆ. ಕೊನೆಯ ಹೊಳಪು ಮಾತ್ರ ಇನ್ನೂ ಬಹಳ ಕಡೆ ಕೈಯಲ್ಲೇ.

ಗುಮ್ಮಟನಗರಿ

ತಾವೆರ್ನಿಯೆ ರಾಮಳ್ಳಕೋಟದಲ್ಲೂ ಸಾಣೆಯವರನ್ನು ನೋಡಿದ್ದಾನೆ. ಒಬ್ಬೊಬ್ಬರ ಹತ್ತಿರ ಊಟದ ತಟ್ಟೆಯಷ್ಟು ಅಗಲದ ಉಕ್ಕಿನ ಚಕ್ರ, ಎಣ್ಣೆ, ವಜ್ರದ ಪುಡಿ. ಅಂದರೆ ಘಂಟಿ ಸೂರತ್‌ಗೆ ಹೊಸದಲ್ಲ, ನಮ್ಮ ಸುಲ್ತಾನರ ಗಣಿಯೂರಿನಲ್ಲೇ ತಿರುಗುತ್ತಿತ್ತು.

ಇದೇ ಮನುಷ್ಯ ಬಿಜಾಪುರದ ಬಗ್ಗೆ ಬರೆದದ್ದು ಓದಿದರೆ ಮಾತ್ರ ಸಿಟ್ಟು ಬರುತ್ತದೆ. ದೊಡ್ಡ ಊರು, ಆದರೆ ಕಟ್ಟಡದಲ್ಲಾಗಲಿ ವ್ಯಾಪಾರದಲ್ಲಾಗಲಿ ಹೇಳಿಕೊಳ್ಳುವಂಥದ್ದಿಲ್ಲ ಅಂತಾನೆ. ಪುಸ್ತಕ ಅಚ್ಚಾದದ್ದು 1676ರಲ್ಲಿ, ಗೋಲಗುಮ್ಮಟ ಮುಗಿದದ್ದು 1656ರಲ್ಲಿ. ಕಂದಕದ ಮೊಸಳೆ ಬಗ್ಗೆ ಬರೆದವನ ಪುಸ್ತಕದಲ್ಲಿ ಗುಮ್ಮಟಕ್ಕೆ ಜಾಗ ಇಲ್ಲ! ಅವನು ನಿಜವಾಗಿ ನಮ್ಮ ಊರಿಗೆ ಬಂದಿದ್ದನಾ ಅಂತಲೇ ನನಗೆ ಅನುಮಾನ. ಆದರೂ ಹೊರಪೇಟೆಗಳಲ್ಲಿ ಅಕ್ಕಸಾಲಿಗರು, ಒಡವೆಗಾರರು ಬಹಳ ಇದ್ದಾರೆ ಅಂತ ಒಂದು ಮಾತು ಸೇರಿಸಿದ್ದಾನೆ. ಆ ಒಂದು ಮಾತಿಗೆ ಕ್ಷಮಿಸಿದ್ದೇನೆ.

ಅವನಿಗಿಂತ ಮೊದಲೇ ಬ್ರೂಜ್ ಊರಿನ ಜಾಕ್ ದ ಕೂತ್ರ ಎಂಬ ಹರಳು ವ್ಯಾಪಾರಿ ಗೋವಾದಲ್ಲಿ ಮನೆ ಮಾಡಿಕೊಂಡು, ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನಕ್ಕೆ ಒಡವೆ ಮಾರಲು ಬರುತ್ತಿದ್ದ. ಗಣಿಗೂ ಹೋಗಿದ್ದ.

ಖಡೇಬಜಾರ್ ಹುಡುಗ

ಹಾಗಾದರೆ ದಾರಿ ಈಗ ಕಣ್ಣಿಗೆ ಕಟ್ಟುತ್ತಿದೆ. ಗಣಿಯಿಂದ ಬಿಜಾಪುರ, ಬೆಳಗಾವಿ, ಘಟ್ಟ ಇಳಿದು ಗೋವಾ, ಹಡಗಿನಲ್ಲಿ ಲಿಸ್ಬನ್, ಅಲ್ಲಿಂದ ಆಂಟ್‌ವರ್ಪ್. ನಮ್ಮಲ್ಲಿ ಇವತ್ತೂ ರಾಮಘಾಟ್ ರೋಡ್ ಅಂತ ಹೆಸರು ಉಳಿದಿದೆ. ಗೋವಾ ಕಡೆಗೆ ಇಳಿಯುವ ಹಳೆಯ ಘಟ್ಟದ ಹೆಸರು ಅದು. ಫಿಚ್ ಅದನ್ನೇ ಹತ್ತಿದನಾ ಗೊತ್ತಿಲ್ಲ. ನಾನು ದಿನಾ ಗಾಡಿ ಓಡಿಸುವ ರೋಡ್. ಇನ್ನು ಮುಂದೆ ಸಿಗ್ನಲ್‌ನಲ್ಲಿ ನಿಂತಾಗ ತಲೆಯಲ್ಲಿ ಬೇರೆ ಸಿನಿಮಾ ಓಡುತ್ತದೆ.

ಆಂಟ್‌ವರ್ಪ್‌ನಲ್ಲಿ ವಜ್ರ ಕೊರೆಯುವವರ ಸಂಘ ಕಟ್ಟಿಕೊಂಡದ್ದು 1582ರಲ್ಲಿ ಅಂತ ಓದಿದೆ. ಫಿಚ್ ಬೆಳಗಾವಿಗೆ ಬರುವುದಕ್ಕೆ ಎರಡೇ ವರ್ಷ ಮೊದಲು. ಆಗ ಎರಡೂ ಊರಿನಲ್ಲಿ ವಜ್ರದ ವ್ಯಾಪಾರ ಇತ್ತು. ಈಗ ಅವರದ್ದು ಜಗತ್ತಿಗೇ ಗೊತ್ತು, ನಮ್ಮದು ನಮಗೇ ಗೊತ್ತಿಲ್ಲ. ಯಾಕೆ ಹೀಗಾಯಿತು?

ಗುಮ್ಮಟನಗರಿ

ದಾರಿ ಬದಲಾಯಿತು ತಮ್ಮಾ, ಅಷ್ಟೇ. ನನ್ನ ಲೆಕ್ಕ ಹೀಗೆ. 17ನೇ ಶತಮಾನದಲ್ಲಿ ಡಚ್ಚರ ಕಾಟಕ್ಕೆ ಗೋವಾ ಸೊರಗಿತು. ಅದೇ ಹೊತ್ತಿಗೆ ಕೃಷ್ಣೆಯ ಕೆಳಭಾಗದ ಕೊಳ್ಳೂರು ಗಣಿ ಎದ್ದು ನಿಂತಿತ್ತು. ಅಲ್ಲಿ 60,000 ಜನ ದುಡಿಯುತ್ತಿದ್ದರು ಅಂತ ತಾವೆರ್ನಿಯೆ ಬರೆದಿದ್ದಾನೆ. ಅಲ್ಲಿಂದ ಪಶ್ಚಿಮದ ಘಟ್ಟ ದಾಟುವ ಅಗತ್ಯವೇ ಇಲ್ಲ. ಗೋಲ್ಕೊಂಡಕ್ಕೆ ಹೋಗಿ, ಮಚಲೀಪಟ್ಟಣದಲ್ಲಿ ಹಡಗು. ಆಮೇಲೆ ಇಂಗ್ಲಿಷರ ಮದ್ರಾಸ್. ಲಂಡನ್ನಿನಿಂದ ಹವಳ ಬರುತ್ತಿತ್ತು, ಬದಲಿಗೆ ವಜ್ರ ಹೋಗುತ್ತಿತ್ತು. 1686ರಲ್ಲಿ ಔರಂಗಜೇಬ ಬಿಜಾಪುರ ಹಿಡಿದ, ಮರುವರ್ಷ ಗೋಲ್ಕೊಂಡ. ಕೊಳ್ಳುವ ಸುಲ್ತಾನರೇ ಇಲ್ಲವಾದರು. 1720ರ ದಶಕದಲ್ಲಿ ಬ್ರೆಜಿಲ್‌ನಲ್ಲಿ ವಜ್ರ ಸಿಕ್ಕ ಮೇಲೆ ಯುರೋಪಿನವರು ಈ ಕಡೆ ನೋಡುವುದೂ ಕಮ್ಮಿಯಾಯಿತು.

ಗೋಲ್ಕೊಂಡಕ್ಕೆ ಹೆಸರಾದರೂ ಉಳಿಯಿತು. ಬೆಳಗಾವಿಯ ಹೆಸರು ಯಾವ ಹರಳಿಗೂ ಅಂಟಲಿಲ್ಲ.

ಚೌಕಾಶಿ ರಾಯ

ಇಷ್ಟು ಹೇಳಿದ ಮೇಲೆ ನನ್ನ ತಕರಾರು ಸ್ವಲ್ಪ ಇಳಿದಿದೆ. ಪೇಟೆ ಇತ್ತು ಅಂತ ಒಪ್ಪುತ್ತೇನೆ. ‘ವಜ್ರ ನಗರಿ ಬೆಳಗಾವಿ’ ಅಂತ ಯಾರಾದರೂ ಬ್ಯಾನರ್ ಹಾಕಿದರೆ ಮಾತ್ರ ಮತ್ತೆ ಬರುತ್ತೇನೆ.

ವರಾಛಾ ರೋಡ್

ಬ್ಯಾನರ್ ಹಾಕಿದ ಮಾತ್ರಕ್ಕೆ ಪೇಟೆ ಬರುವುದಿಲ್ಲ ಅನ್ನುವುದನ್ನು ಇಲ್ಲೇ ನೋಡುತ್ತಿದ್ದೇವೆ ರಾಯರೇ. 2023ರ ಡಿಸೆಂಬರ್ 17ರಂದು ಸೂರತ್ ಡೈಮಂಡ್ ಬೋರ್ಸ್, ಅಂದರೆ ವಜ್ರ ವ್ಯಾಪಾರದ ದೊಡ್ಡ ಕಟ್ಟಡ, ಉದ್ಘಾಟನೆ ಆಯಿತು. 67 ಲಕ್ಷ ಚದರ ಅಡಿ, 4,000ಕ್ಕೂ ಜಾಸ್ತಿ ಆಫೀಸು. ಅಮೆರಿಕದ ಪೆಂಟಗನ್‌ಗಿಂತ ದೊಡ್ಡದು. ನೋಡಲು ಎರಡು ಕಣ್ಣು ಸಾಲದು. ಆದರೆ ಮುಂಬೈಯವರು ಬಾಂದ್ರಾದ ಬೋರ್ಸ್ ಬಿಟ್ಟು ಸುಲಭಕ್ಕೆ ಬರಲಿಲ್ಲ. ಮಹೀಧರಪುರಾದ ಬೈಕ್ ಸೀಟಿನ ವ್ಯಾಪಾರಿಯೂ ಎಸಿ ಹಾಲ್‌ಗೆ ಒಗ್ಗಿಕೊಳ್ಳಲು ಟೈಮ್ ತೆಗೆದುಕೊಳ್ಳುತ್ತಿದ್ದಾನೆ. ಪಕ್ಕದಲ್ಲಿ ಪರಿಚಯದ ಮುಖ ಇರಬೇಕು, ಚಹಾ ಅಂಗಡಿ ಇರಬೇಕು. ಅದಿಲ್ಲದ ಕಡೆ ಪುಡಿಕೆ ಬಿಚ್ಚಲು ಕೈ ಬರುವುದಿಲ್ಲ.

ಕಾಲವೂ ಚೆನ್ನಾಗಿಲ್ಲ. ರಷ್ಯಾ ಹರಳಿಗೆ ಜಿ7 ದೇಶಗಳ ನಿಷೇಧ, ಚೀನಾದಲ್ಲಿ ಗಿರಾಕಿ ಕಮ್ಮಿ. 2025ರ ಆಗಸ್ಟ್ ಕೊನೆಗೆ ಅಮೆರಿಕ 50% ಸುಂಕ ಹಾಕಿದಾಗ ನಮ್ಮ ಆರ್ಡರ್ ಪುಸ್ತಕ ಖಾಲಿ ಹಾಳೆ ಆಗಿತ್ತು. ಇಲ್ಲಿ ಕೂಲಿ ಬಹುಪಾಲು ನಗ ಲೆಕ್ಕ. ಹರಳು ಇಲ್ಲ ಅಂದರೆ ದುಡ್ಡಿಲ್ಲ. ದೀಪಾವಳಿ ರಜೆ ಮೂರು ವಾರ ಅಂತ ಊರಿಗೆ ಹೋದ ಹುಡುಗರಲ್ಲಿ ಕೆಲವರು ವಾಪಸ್ ಬರಲೇ ಇಲ್ಲ. ನನ್ನ ರೂಮಿನ ಕೆಳಗೆ ಇದ್ದ ಒಬ್ಬ ಇಪ್ಪತ್ತು ವರ್ಷ ಘಂಟಿ ಮುಂದೆ ಕೂತವನು. ಈಗ ಡೆಲಿವರಿ ಬ್ಯಾಗ್ ಹಾಕಿಕೊಂಡು ಓಡಾಡುತ್ತಾನೆ. ಕಾಗದದಲ್ಲಿ ಇವರಿಗೆ ‘ರತ್ನಕಲಾಕಾರ’ ಅಂತ ದೊಡ್ಡ ಹೆಸರು. ಬೀದಿಯಲ್ಲಿ ಹೀರಾಘಸು, ಅಂದರೆ ವಜ್ರ ಉಜ್ಜುವವನು.

ಕುಂದಾ ಕರದಂಟು

ಇಷ್ಟು ತಿಳಿದವರು ಸೇರಿದ್ದೀರಿ, ನನ್ನ ಸ್ವಂತ ಕೆಲಸಕ್ಕೆ ಒಂದು ಕೇಳುತ್ತೇನೆ. ನಿಶ್ಚಿತಾರ್ಥಕ್ಕೆ ವಜ್ರದ ಉಂಗುರ ತೆಗೆದುಕೊಳ್ಳಬೇಕು ಅಂತ ಮನೆಯಲ್ಲಿ ಮಾತು. ಲ್ಯಾಬ್ ವಜ್ರ ಅಂತ ಬಂದಿದೆ, ಅರ್ಧಕ್ಕರ್ಧಕ್ಕಿಂತಲೂ ಕಡಿಮೆ ಬೆಲೆ. ಅದು ಸುಳ್ಳು ವಜ್ರಾನಾ?

ಕೇಳಲು ಕಾರಣ ಇದೆ. ನಮ್ಮ ಅಕ್ಕ ಐದು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ವಜ್ರದ ಓಲೆ ತಗೊಂಡಿದ್ದಳು. ಹೋದ ವರ್ಷ ದುಡ್ಡಿನ ಅಡಚಣೆ ಆಗಿ ವಾಪಸ್ ಕೊಡಲು ಹೋದರೆ ಬಂಗಾರಕ್ಕೆ ರೇಟ್ ಹಿಡಿದರು, ಹರಳಿಗೆ ಕೊಟ್ಟ ದುಡ್ಡಿನ ಅರ್ಧವೂ ಬರಲಿಲ್ಲ. ಅವತ್ತಿಂದ ಅಮ್ಮ ವಜ್ರ ಅಂದರೆ ಮುಖ ತಿರುಗಿಸುತ್ತಾಳೆ.

ಶಹಾಪುರದ ಪತ್ತಾರ

ಮಗಳೇ, ಲ್ಯಾಬ್‌ದೂ ವಜ್ರವೇ. ಅದೇ ಇಂಗಾಲ, ಅದೇ ಗಟ್ಟಿ, ಅದೇ ಹೊಳಪು. ನೆಲದೊಳಗೆ ಕೋಟಿಗಟ್ಟಲೆ ವರ್ಷ ಆಗುವುದು ಯಂತ್ರದಲ್ಲಿ ಕೆಲವು ವಾರದಲ್ಲಿ ಆಗುತ್ತದೆ. ನನ್ನ ಹತ್ತಿರದ ಬಿಸಿ ನೋಡುವ ಪೆನ್ನು ಎರಡಕ್ಕೂ ‘ವಜ್ರ’ ಅಂತಲೇ ಕೂಗುತ್ತದೆ. ಬೇರೆ ಮಾಡಲು ದೊಡ್ಡ ಯಂತ್ರ ಬೇಕು. ಸುಳ್ಳು ಅನ್ನಬೇಕಾದ್ದು ಅಮೆರಿಕನ್ ಡೈಮಂಡ್‌ಗೆ, ಅದು ಜಿರ್ಕೋನಿಯಾ.

ಅಕ್ಕನ ಓಲೆಯ ವಿಷಯದಲ್ಲಿ ನನಗೆ ಆಶ್ಚರ್ಯ ಇಲ್ಲ. ಬಂಗಾರಕ್ಕೆ ದಿನದ ರೇಟ್ ಇದೆ, ಹಾಲ್‌ಮಾರ್ಕ್ ಇದೆ. ವಜ್ರಕ್ಕೆ ಹಾಗಿಲ್ಲ. ಕ್ಯಾರೆಟ್, ಬಣ್ಣ, ಸ್ವಚ್ಛ, ಕೊರೆತ ನಾಲ್ಕೂ ನೋಡಿ ಒಬ್ಬೊಬ್ಬ ಒಂದೊಂದು ಹೇಳುತ್ತಾನೆ. ಹತ್ತು ಸೆಂಟಿನ ಐದು ಹರಳು ಅರ್ಧ ಕ್ಯಾರೆಟ್ ಆಗುತ್ತದೆ, ಆದರೆ ಅರ್ಧ ಕ್ಯಾರೆಟ್‌ನ ಒಂದೇ ಹರಳಿನ ಬೆಲೆ ಆಗುವುದಿಲ್ಲ. ಓಲೆಯಲ್ಲಿ ಸಣ್ಣ ಹರಳು ಜಾಸ್ತಿ ಇದ್ದರೆ ವಾಪಸ್ ಬರುವುದು ಕಮ್ಮಿ.

ತಗೊಳ್ಳುವಾಗ ಜಿಐಎ ಅಥವಾ ಐಜಿಐ ಎಂಬ ಹರಳು ಪರೀಕ್ಷೆ ಸಂಸ್ಥೆಯ ಸರ್ಟಿಫಿಕೇಟ್ ಕೇಳು. ವಾಪಸ್ ಕೊಟ್ಟರೆ ಎಷ್ಟು ಅಂತ ಬಿಲ್ಲಿನ ಮೇಲೆ ಬರೆಸು, ಬಾಯಿ ಮಾತು ಬೇಡ. ಮುಂದೆ ಮಾರುವ ಯೋಚನೆ ಇದ್ದರೆ ಬಂಗಾರ ತಗೋ. ಬೆರಳಿಗೆ ಚಂದ ಕಾಣಲಿ ಅಂತಾದರೆ ಲ್ಯಾಬ್‌ದು ತಗೋ, ಉಳಿದ ದುಡ್ಡಲ್ಲಿ ಅಮ್ಮನಿಗೆ ಒಂದು ಬಂಗಾರದ ಬಳೆ ಮಾಡಿಸು. ಮುಖ ಈ ಕಡೆ ತಿರುಗುತ್ತದೆ.

ವರಾಛಾ ರೋಡ್

ಕಾಕಾ ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಲ್ಯಾಬ್ ವಜ್ರದ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಲೇ ಬಂದಿದೆ, ಸೂರತ್‌ನಲ್ಲೇ ಯಂತ್ರ ಸಾಲು ಸಾಲು ನಿಂತಿವೆ. ಅದಕ್ಕೇ ಅವಸರ ಮಾಡಿ ದೊಡ್ಡ ಗಾತ್ರಕ್ಕೆ ಹೋಗಬೇಡಿ. 2023ರಲ್ಲಿ ಪ್ರಧಾನಿ ಆಗಿನ ಅಮೆರಿಕ ಅಧ್ಯಕ್ಷರ ಹೆಂಡತಿಗೆ ಕೊಟ್ಟ 7.5 ಕ್ಯಾರೆಟ್ ಹರಳೂ ಲ್ಯಾಬಿನದೇ. ಹಾಗಾಗಿ ಬೀಗರ ಮುಂದೆ ಮರ್ಯಾದೆಗೇನೂ ಕಮ್ಮಿ ಇಲ್ಲ.

ಕುಂದಾ ಕರದಂಟು

ಬಳೆಯ ಐಡಿಯಾ ಅಮ್ಮನಿಗೆ ಓದಿ ಹೇಳಿದೆ. ‘ಆ ಪತ್ತಾರರ ಅಂಗಡಿ ಎಲ್ಲಿದೆ ಕೇಳು’ ಅಂದಳು.

ಖಡೇಬಜಾರ್ ಹುಡುಗ

ಕಾಕಾ, ನಿಮ್ಮ ಅಪ್ಪನ ಆ ತಕ್ಕಡಿ ಪೆಟ್ಟಿಗೆ ಇನ್ನೂ ಇದೆಯಾ? ಒಂದು ಫೋಟೋ ಹಾಕಿ.

ಶಹಾಪುರದ ಪತ್ತಾರ

ಅಟ್ಟದ ಮೇಲೆ ಇದೆ. ಇವತ್ತೇ ಇಳಿಸಿದೆ. ತಕ್ಕಡಿಯ ದಾರ ಇಲಿ ಕಡಿದಿದೆ. ಬೀಜ ಎಣಿಸಿದೆ, ಗುಲಗಂಜಿ ಹದಿನೇಳು, ಮಂಜಾಡಿ ಆರು. ಒಂದು ಮಂಜಾಡಿಯನ್ನು ಅಂಗಡಿಯ ಎಲೆಕ್ಟ್ರಾನಿಕ್ ಕಾಟಾದ ಮೇಲೆ ಇಟ್ಟು ನೋಡಿದೆ. 0.27 ಗ್ರಾಂ. ತಂಗಿ, ಕ್ಯಾರೆಟ್‌ನಲ್ಲಿ ಎಷ್ಟಾಯಿತು ಲೆಕ್ಕ ಹಾಕು.

ಗುಮ್ಮಟನಗರಿ

1.35, ಕಾಕಾ. ಬಿಜಾಪುರ ಪೇಟೆಯ ತೂಕ 1⅜ ಅಂದರೆ 1.375. ಬೀಜ ಒಣಗಿರಬೇಕು.